ದೊಡ್ಡವ್ವನ ಪದ ಸೀಡಿಗೆ ಏರಿದ್ದು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಹಾಡು ಕೇಳುವುದಕ್ಕಲ್ಲ. ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಮನೆಯಲ್ಲಿ, ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತು ನಾನು ಊರವರ ಮದುವೆ ಪತ್ರಿಕೆಗಳನ್ನು ತಮಿಳಿನಲ್ಲಿ ಟೈಪ್ ಮಾಡಿ, ಅಂಚಿಗೆ ಹೂಬಳ್ಳಿ ಜೋಡಿಸಿ, ಸೇಲಂನ ಪ್ರೆಸ್ಸಿಗೆ ಕಳಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೂಬಳ್ಳಿ, ಗಣಪತಿ, ಮಂಗಳವಾದ್ಯ ಎಲ್ಲ ಸೇರಿದರೆ ಫ್ಲಾಪಿಯಲ್ಲಿ ಹಿಡಿಸುವುದಿಲ್ಲ ಎಂದು ಪ್ರೆಸ್ಸಿನವರೇ ಒತ್ತಾಯ ಮಾಡಿ ಒಂದು ಸೀಡಿ ರೈಟರ್ ಹಾಕಿಸಿಕೊಟ್ಟಿದ್ದರು. ನೆಂಟರಿಗೆ ಇದೆಲ್ಲ ತಮಾಷೆ. ಊರವರ ಮದುವೆಯನ್ನೆಲ್ಲ ಅಚ್ಚು ಹಾಕಿಸುವವಳಿಗೆ ತನ್ನ ಮದುವೆ ಅಚ್ಚು ಹಾಕಿಸಲು ಪುರುಸೊತ್ತಿಲ್ಲ ಅನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗೆ ಅಂದವರ ಪತ್ರಿಕೆಯನ್ನು ಬೇಕೆಂದೇ ತಡ ಮಾಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅಣ್ಣ ಬಂದ. ಅಣ್ಣ ಅಂದರೆ ನನ್ನ ಅಮ್ಮನ ಅಕ್ಕನ ಮಗ. ಅಮ್ಮನ ಅಕ್ಕನನ್ನು ನಾವು ದೊಡ್ಡವ್ವ ಅನ್ನುತ್ತಿದ್ದೆವು. ಮೆಟ್ಟೂರಿನ ಕಡೆ ಕೊಳತ್ತೂರಿನಾಚೆ, ಪಾಲಮಲೆ ಬೆಟ್ಟದ ಬುಡದ ಹಳ್ಳಿಯಲ್ಲಿ ಅವರ ಬೇಸಾಯ. ಅಣ್ಣನ ಮಗಳ ಮದುವೆ ಸಂಕ್ರಾಂತಿಯಿಂದ ಶುರುವಾಗುವ ತೈ ತಿಂಗಳಿಗೆ ಗೊತ್ತಾಗಿತ್ತು. ಪತ್ರಿಕೆಯ ವಿಷಯ ಮಾತಾಡಲು ಬಂದಿದ್ದಾನೆ ಅಂದುಕೊಂಡೆ. ಅವನು ಜೇಬಿನಿಂದ ಒಂದು ಕ್ಯಾಸೆಟ್ ತೆಗೆದು ಕೀಬೋರ್ಡಿನ ಪಕ್ಕ ಇಟ್ಟ.

"ಇದ್ರಲ್ಲಿ ಅವ್ವನ ಪದ ಐತೆ. ಟೇಪು ಸವ್ದೋಗೈತೆ. ಸೀಡಿಗೆ ಆಕ್ಕೊಡ್ತೀಯಾ ಅಮ್ಮಿ? ಪಂದಲ್ ಆಕೋನತ್ರ ಸೀಡಿ ಪ್ಲೇಯರ್ ಐತಂತೆ" ಅಂದ.

"ದೊಡ್ಡವ್ವನೇ ಇದಾಳಲ್ಲಣ್ಣ, ಗಂಟ್ಲೂ ಗಟ್ಟಿಯಾಗೈತೆ. ಅವ್ಳೇ ಪದ ಏಳ್ಲಿ" ಅಂದೆ.

ಅಣ್ಣ ನೆಲ ನೋಡಿದ. "ಅದೆಂಗಮ್ಮಿ ಆಯ್ತದೆ? ಅಪ್ಪ ಇಲ್ವಲ್ಲ."

ತಲೆಮಾರುಗಳಿಂದ ತಮಿಳುನಾಡಿನಲ್ಲೇ ನೆಲೆಸಿರುವ ನಮ್ಮ ಕನ್ನಡ ಜನರ ಮದುವೆಯಲ್ಲಿ ಪತ್ರಿಕೆ ತಮಿಳು, ಮೈಕಿನ ಹಾಡು ತಮಿಳು, ಊಟಕ್ಕೆ ಕರೆಯುವುದು ತಮಿಳು, ಮದುಮಗಳು ಗೆಳತಿಯರ ಜೊತೆ ಆಡುವ ಮಾತೂ ತಮಿಳೇ. ಒಂದು ಮಾತ್ರ ಕನ್ನಡ. ಹೆಣ್ಣನ್ನು ಹಸೆಗೆ ಕರೆಯುವ ಪದ. ಹಿರಿಯ ಮುತ್ತೈದೆಯೊಬ್ಬಳು ಒಂದೊಂದು ಸಾಲು ಎತ್ತಿಕೊಡಬೇಕು, ಉಳಿದ ಹೆಂಗಸರು 'ಸೋ' ಎಂದು ಕೂಡಿಸಬೇಕು, ಆ ಪದ ಶುರುವಾಗುವ ತನಕ ಹುಡುಗಿ ಒಳಗಿನ ಕೋಣೆಯಿಂದ ಹೆಜ್ಜೆ ಇಡಬಾರದು. ಕೊಳತ್ತೂರಿನ ಸುತ್ತಮುತ್ತ ನಮ್ಮವರ ಮದುವೆ ಎಲ್ಲೇ ನಡೆದರೂ ಪದ ಎತ್ತಿಕೊಡುತ್ತಿದ್ದವಳು ದೊಡ್ಡವ್ವ. ದೊಡ್ಡಪ್ಪ ಹೋದ ಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಗಂಡ ಸತ್ತವಳು ಹಸೆಯ ಮುಂದೆ ಬಾಯಿ ತೆರೆಯಬಾರದು. ಪದ ಬಲ್ಲ ಬೇರೆ ಮುದುಕಿಯರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಉಳಿದವರಿಗೆ ಬರುತ್ತಿದ್ದದ್ದು 'ಸೋ' ಒಂದೇ.

ಕ್ಯಾಸೆಟ್ಟಿನಲ್ಲಿದ್ದದ್ದು ಅಣ್ಣನ ತಂಗಿಯ ಮದುವೆಯ ಪದಗಳು. ಆಗ ದೊಡ್ಡಪ್ಪ ಇದ್ದ. ಹಾಗಾಗಿ ಕ್ಯಾಸೆಟ್ಟಿನೊಳಗಿನ ಗಂಟಲು ಮುತ್ತೈದೆಯ ಗಂಟಲು, ಅದನ್ನು ಹಾಕಿದರೆ ದೋಷವಿಲ್ಲ ಎಂದು ಊರಿನ ಹಿರಿಯರು ತೀರ್ಮಾನಿಸಿದ್ದರು. ನನಗೆ ಮೈ ಉರಿದುಹೋಯಿತು. ಬದುಕಿರುವ ಹೆಂಗಸನ್ನು ಹಿತ್ತಲಲ್ಲಿ ಕೂರಿಸಿ ಅವಳ ಹಳೆಯ ದನಿಯನ್ನು ಚಪ್ಪರದಲ್ಲಿ ಮೆರೆಸುವ ಬುದ್ಧಿ ಯಾರದು ಎಂದು ಕೇಳಿಯೇಬಿಟ್ಟೆ. ಅಮ್ಮ ಅಡುಗೆಮನೆ ಬಾಗಿಲಿನಿಂದ ನನ್ನನ್ನು ದುರುಗುಟ್ಟಿ ನೋಡಿದಳು.

"ಬುದ್ಧಿ ಅವ್ವಂದೇ" ಅಂದ ಅಣ್ಣ. "ಅಂಗಾದ್ರೂ ನನ್ ಮೊಮ್ಮಗಳ ಹಸೆ ಮುಂದೆ ನಾನಿರ್ತೀನಿ ಅಂದ್ಲು."

ಕ್ಯಾಸೆಟ್ ತೆಗೆದುಕೊಂಡೆ.

ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಎಳೆದು ಪದಗಳನ್ನು ಒಳಗೆ ತುಂಬಿಸಿಕೊಳ್ಳುವುದು ಸುಲಭವಾಯಿತು. ತೊಂದರೆ ಶುರುವಾದದ್ದು ಸೀಡಿಗೆ ಬರೆಯುವಾಗ. ಆ ಕಾಲದ ರೈಟರುಗಳು ಬಲು ನಾಜೂಕು. ಬರೆಯಲು ಶುರುಮಾಡಿದರೆ ಮುಗಿಯುವ ತನಕ ಕಂಪ್ಯೂಟರ್ ಮಾಹಿತಿಯನ್ನು ಎಡೆಬಿಡದೆ ಒದಗಿಸುತ್ತಲೇ ಇರಬೇಕು. ಶಾವಿಗೆ ಒತ್ತುವಾಗ ಎಳೆ ಕಡಿದ ಹಾಗೆ ನಡುವೆ ಒಂದು ಕ್ಷಣ ಕಡಿದರೂ ಅಷ್ಟೇ, ಡಿಸ್ಕ್ ಕೆಟ್ಟಿತು. ಪರದೆಯ ಮೇಲೆ 'ಬಫರ್ ಅಂಡರ್‌ರನ್' ಎಂದು ಬರುತ್ತಿತ್ತು. ನನಗೆ ಅದರ ಅರ್ಥ ಗೊತ್ತಿರಲಿಲ್ಲ, ಕೆಟ್ಟ ಸುದ್ದಿ ಅನ್ನುವುದು ಮಾತ್ರ ಗೊತ್ತಾಗುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಈ ಯಂತ್ರವನ್ನು ನೋಡಿಯೇ ಹುಟ್ಟಿರಬೇಕು. ಪದವೆಲ್ಲ ಕಂಪ್ಯೂಟರಿನ ಹೊಟ್ಟೆಯಲ್ಲಿದೆ, ಪೂಜಾರಿ ಮಾತ್ರ ಬಾಗಿಲು ತೆಗೆಯುತ್ತಿಲ್ಲ.

ಸೇಲಂನ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದೆ. "ಸ್ಪೀಡು ಕೊರೈಚು ಪಾರುಂಗ ಮೇಡಂ" ಅಂದ. ವೇಗ ಇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಪರದೆಯ ಮೇಲೆ ಬಣ್ಣದ ಪೈಪುಗಳು ಹರಿದಾಡುತ್ತಿದ್ದವಲ್ಲ, ಆ ಸ್ಕ್ರೀನ್ ಸೇವರನ್ನು ತೆಗೆದುಹಾಕಿದೆ. ಬರೆಯುವಾಗ ಮೌಸ್ ಮುಟ್ಟುವುದನ್ನು ಬಿಟ್ಟೆ. ಅಮ್ಮನಿಗೆ ಗ್ರೈಂಡರ್ ಹಾಕಬೇಡ, ಕರೆಂಟು ಏರಿಳಿಯುತ್ತದೆ ಅಂದೆ. ಇಡ್ಲಿ ಬೇಕೋ ಸೀಡಿ ಬೇಕೋ ಹೇಳು ಅಂದಳು.

ಈ ನಡುವೆ ದೊಡ್ಡವ್ವ ತಾನೇ ಬಂದಳು. ಮೆಟ್ಟೂರಿನಲ್ಲಿ ಬಸ್ಸು ಬದಲಾಯಿಸಿ, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು. ಸೀಡಿ ಆಗುವ ತನಕ ಇಲ್ಲೇ ಇರುತ್ತೇನೆ ಅಂದಳು. ಅವಳ ಬರಿಹಣೆ ನೋಡಿದಾಗಲೆಲ್ಲ ನನಗೆ ಒಂದು ಕ್ಷಣ ಬೇರೆ ಯಾರನ್ನೋ ನೋಡಿದಂತಾಗುತ್ತಿತ್ತು. ಅಷ್ಟು ಅಗಲದ ಕುಂಕುಮ ಇಡುತ್ತಿದ್ದವಳು. ಕಂಪ್ಯೂಟರಿನ ಮುಂದೆ ಕೂರಿಸಿ ಪದ ಕೇಳಿಸಿದೆ. ಮೊದಲ ಪದ ಮುಗಿದ ಮೇಲೆ ಯಾರೋ ಗಂಡಸು ಗಂಟಲು ಸರಿಮಾಡಿಕೊಂಡು "ಇನ್ನೊಸಿ ಗಟ್ಟಿಯಾಗ್ ಏಳಮ್ಮಿ, ಪಾಲಮಲೆಗೆ ಕೇಳ್ಲಿ" ಅಂದದ್ದು ಕೇಳಿತು. ದೊಡ್ಡಪ್ಪನ ದನಿ. ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. "ಕುಡ್ದಿದ್ದ ಅವತ್ತು" ಅಂದಳು.

ಕೆಟ್ಟ ಡಿಸ್ಕುಗಳನ್ನು ಕಿಟಕಿಯ ಕೆಳಗೆ ಪೇರಿಸಿದ್ದೆ. ಅವನ್ನು ಒರೆಸಿ ಮತ್ತೆ ಬರೆಯಲಾಗದಾ ಎಂದು ಕೇಳಿದಳು. ಆಗುವುದಿಲ್ಲ, ಒಂದು ಸಲ ಬರೆದದ್ದನ್ನು ಯಾರೂ ಅಳಿಸಲಾಗದು, ಬ್ರಹ್ಮ ಬಂದರೂ ಆಗದು ಅಂದೆ. "ಅಣೆಬರ ಇದ್ದಂಗೆ ಅನ್ನು" ಅಂದಳು. ಆಮೇಲೆ ಊರಿಗೆ ಹೋಗುವವರ ಕೈಯಲ್ಲಿ ಅಷ್ಟನ್ನೂ ಕಳಿಸಿದಳು, ಜೋಳದ ಹೊಲದಲ್ಲಿ ದಾರ ಕಟ್ಟಿ ತೂಗುಹಾಕಿದರೆ ಗಿಳಿ ಬರುವುದಿಲ್ಲವೆಂದು. ಅರ್ಧರ್ಧ ಬರೆದ ಅವಳ ಪದಗಳೆಲ್ಲ ಅವಳದೇ ಹೊಲದಲ್ಲಿ ಹೊಳೆಯುತ್ತಾ ನಿಂತವು.

ಕೊನೆಗೊಮ್ಮೆ ಒಂದು ಡಿಸ್ಕ್ ಸರಿಯಾಗಿ ಬಂತು. ಕ್ಯಾಸೆಟ್ಟಿನ ಮೊದಲ ಬದಿ ಪೂರ್ತಿ. ನಾನು ಕುಣಿದಾಡಿದೆ. ಆ ಸಂಭ್ರಮದಲ್ಲೇ ಎರಡನೆಯ ಬದಿಯನ್ನು ಕಂಪ್ಯೂಟರಿಗೆ ತುಂಬಿಸಲು ಕೂತೆ. ಎರಡನೆಯ ಬದಿಯ ಮೊದಲ ಪದವೇ ಹಸೆಗೆ ಕರೆಯುವ ಪದ. ಅಲ್ಲಿ ಟೇಪು ಯಾವಾಗಲೋ ಪ್ಲೇಯರಿಗೆ ಸಿಕ್ಕಿ ನುಲಿದುಹೋಗಿತ್ತು. ಅಣ್ಣ ಅದನ್ನು ಗಮ್ ಟೇಪಿನಲ್ಲಿ ಅಂಟಿಸಿದ್ದ. ದೊಡ್ಡವ್ವನ ದನಿ ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಎಂದು ನಾಲ್ಕು ಸಾಲು ಹೋಯಿತು, ಆಮೇಲೆ ಬರೀ ಸುಯ್ ಎನ್ನುವ ಸದ್ದು. ಬೇರೆ ಪದಗಳೆಲ್ಲ ಇದ್ದು ಏನು ಮಾಡುವುದು? ಬೇಕಾದದ್ದು ಅದೊಂದೇ.

ನನಗೆ ಅಳು ಬರುವುದರಲ್ಲಿತ್ತು, ಅದನ್ನು ಮುಚ್ಚಲು ಅಣ್ಣನ ಗಮ್ ಟೇಪಿಗೆ ಬೈಯುತ್ತಿದ್ದೆ. ದೊಡ್ಡವ್ವ ಕಂಪ್ಯೂಟರಿನ ಜೊತೆ ಬಂದು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ಮೈಕನ್ನು ನೋಡುತ್ತಿದ್ದಳು.

"ಅದ್ರಲ್ಲಿ ಏಳಿದ್ರೆ ಒಳೀಕೆ ಓಯ್ತದಾ?" ಅಂದಳು.

ಹೋಗುತ್ತದೆ ಅಂದೆ.

"ಬಾಗ್ಲಾಕು."

ಅಮ್ಮ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು. ಅಮ್ಮನಿಗೆ ಅಕ್ಕ ಅಂದರೆ ಪ್ರಾಣ, ಶಾಸ್ತ್ರ ಅಂದರೆ ಭಯ. "ಅಕ್ಕಾ, ಬ್ಯಾಡ್ವೇನೋ" ಅಂದಳು. "ಮಗೀನ ಮದ್ವೆ ಅದು. ಆಮೇಲ್ ಏನಾರಾ ಒಂದು ಆದ್ರೆ?"

"ಕರೀದೆ ಅದು ಅಸೆಗೆ ಬರೋದೆಂಗೆ? ತಮಿಳು ಸಿನ್ಮಾ ಪಾಟ್ಟು ಆಕ್ಕೊಂಡು ಬರ್ಲಾ?" ಅಂದಳು ದೊಡ್ಡವ್ವ. ಭಯ ಅವಳಿಗೂ ಇತ್ತು, ಅಮ್ಮನಿಗಿಂತ ಹೆಚ್ಚೇ ಇತ್ತು. ಈ ಶಾಸ್ತ್ರವನ್ನು ಅವಳು ನಂಬಿದ್ದಳು. ಬೇರೆ ವಿಧವೆಯರನ್ನು ಹಸೆಯ ಹತ್ತಿರದಿಂದ ತಾನೇ ಆಚೆ ಕಳಿಸಿದ್ದವಳು.

ಅಮ್ಮ ಒಳಗೆ ಹೋಗಿ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. "ಸೋ ನಾನ್ ಏಳ್ತೀನಿ" ಅಂದಳು. ಅಮ್ಮನ ಗಂಟಲು ಕಾಗೆಯ ಗಂಟಲು, ಆದರೂ ಅವಳು ಮುತ್ತೈದೆ. ನಾನೂ ಸೇರಿಕೊಂಡೆ. ಹಾಡುವಾಗ ದೊಡ್ಡವ್ವ ಕಣ್ಣು ಮುಚ್ಚಿಕೊಂಡಿದ್ದಳು. ಎಲ್ಲೂ ತಡವರಿಸಲಿಲ್ಲ. ಕ್ಯಾಸೆಟ್ಟಿನಲ್ಲಿದ್ದ ಹೆಂಗಸಿಗಿಂತ ನಿಧಾನವಾಗಿ, ಒಂದೊಂದು ಹೆಜ್ಜೆ ಇಟ್ಟು ಬಾ ಎನ್ನುವ ಹಾಗೆ ಕರೆದಳು. ಇಷ್ಟು ವರ್ಷ ಮದುವೆಮನೆಗಳಲ್ಲಿ ಗದ್ದಲದ ನಡುವೆ ಕೇಳಿದ್ದ ಪದವನ್ನು ನಾನು ಅವತ್ತೇ ಮೊದಲು ಪೂರ್ತಿ ಕೇಳಿದ್ದು. ಕ್ಯಾಸೆಟ್ಟಿನ ಪದಗಳ ನಡುವಿನ ಸುಯ್ ಸದ್ದನ್ನು ಕತ್ತರಿಸಿ ಹೊಸ ಪದದ ಕೆಳಗೆ ಹಾಸಿದೆ, ಹಳೆಯದರಂತೆ ಕೇಳಲಿ ಎಂದು.

ಮಾರನೆಯ ದಿನ ಎಲ್ಲ ಪದಗಳನ್ನೂ ಸೇರಿಸಿ ಬರೆಯಲು ಕೂತೆ. ಡಿಸ್ಕ್ ಕೆಟ್ಟಿತು. ಇನ್ನೊಂದು ಹಾಕಿದೆ, ಅದೂ ಕೆಟ್ಟಿತು. ಪರದೆಯ ಮೇಲೆ ಹಿಂದೆ ನೋಡಿರದ ಬೇರೊಂದು ಎರರ್. ರೈಟರ್ ಒಳಗೆ ಟಕ್ ಟಕ್ ಎಂದು ಹುಡುಕಾಡುತ್ತಿತ್ತು, ದೀಪ ಮಿನುಗುತ್ತಿತ್ತು, ಆಮೇಲೆ ತಟ್ಟೆ ತಾನಾಗಿ ಹೊರಗೆ ಬರುತ್ತಿತ್ತು, ತಿನ್ನದೆ ತಟ್ಟೆ ತಳ್ಳುವ ಮಗುವಿನ ಹಾಗೆ. ಬೆಳಿಗ್ಗೆ ಕರೆಂಟು ಸರಿಯಾಗಿರುವಾಗ ಹಾಕಿದೆ. ಬೇರೆ ಡಿಸ್ಕ್ ತರಿಸಿದೆ. ಸ್ಟೆಬಿಲೈಸರ್ ಬದಲಾಯಿಸಿದೆ. ಪಕ್ಕದ ಮನೆಯವರ ಮೋಟಾರಿನ ಮೇಲೆ ಜಗಳ ತೆಗೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಎಂದು ಆಗ ತಿಳಿಯಲಿಲ್ಲ.

ದೊಡ್ಡವ್ವ ಗೋಡೆಗೆ ಒರಗಿ ನೋಡುತ್ತಿದ್ದಳು. ಮದುವೆ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ, ತಟ್ಟೆ ಮತ್ತೆ ಹೊರಗೆ ಬಂದಾಗ, ಅಂದಳು: "ಬುಡಮ್ಮಿ. ಅದು ಒಪ್ತಿಲ್ಲ. ಮುತ್ತೈದೆ ಪದ ಬರಿಯೋವಾಗ ಸರ್ಯಾಗಿತ್ತು. ಮುಂಡೆ ಪದ ಸೇರ್ಸಿದ್ ಮ್ಯಾಕೆ ಉಗೀತೈತೆ. ಮಿಷನ್‌ಗೂ ಗೊತ್ತಾಯ್ತದೆ."

ನನಗೆ ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ ಕೂಗಾಡುವುದು? ಅವಳು ಹೇಳಿದ ಲೆಕ್ಕ ತಪ್ಪಿರಲಿಲ್ಲ. ಪದ ಸೇರಿಸುವ ಮೊದಲು ಬಂದಿತ್ತು, ಸೇರಿಸಿದ ಮೇಲೆ ಬರುತ್ತಿಲ್ಲ. ಒಂದು ಕ್ಷಣ, ಬರೀ ಒಂದು ಕ್ಷಣ, ನನಗೂ ಮೈ ಜುಮ್ಮೆಂದಿತು. ಹಾಗೆ ಅನ್ನಿಸಿತಲ್ಲ ಎಂದು ಇನ್ನೂ ಸಿಟ್ಟು ಬಂತು. ಸೇಲಂಗೆ ಮತ್ತೆ ಫೋನ್ ಮಾಡಿ ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಪೂರ್ತಿ ಕೇಳಿಸಿಕೊಂಡು, ತೂಸಿ ಇರುಕ್ಕುಮೋ ಎನ್ನವೋ, ಲೆನ್ಸ್ ಪಾರುಂಗ ಅಂದ. ಧೂಳು ಇರಬಹುದು, ಲೆನ್ಸ್ ನೋಡಿ ಅಂತ.

ಟಾರ್ಚ್ ತರಲು ಹೇಳಿದೆ. ಟಾರ್ಚ್ ತಂದ ಅಮ್ಮ ಅದನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಧೂಳೆಲ್ಲಿ ಬತ್ತದೆ? ನಾನೇ ಒರ್ಸಿ ಪೂಜೆ ಮಾಡಿವ್ನಿ" ಅಂದಳು.

"ಏನ್ ಪೂಜೆ?"

ಅಮ್ಮ ಅಕ್ಕನ ಮುಖ ನೋಡದೆ ಹೇಳಿದಳು. ದೊಡ್ಡವ್ವ ಪದ ಹೇಳಿದ ಮಾರನೆಯ ಬೆಳಿಗ್ಗೆ, ನಾವಿಬ್ಬರೂ ಏಳುವ ಮೊದಲೇ, ದೋಷ ತಟ್ಟದಿರಲಿ ಎಂದು ಕಂಪ್ಯೂಟರಿಗೆ ಅರಿಸಿನ ಕುಂಕುಮ ಇಟ್ಟಿದ್ದಳಂತೆ. ಆಯುಧಪೂಜೆಗೆ ಎಲ್ಲರೂ ಇಡುವುದೇ, ಆದರೆ ಹೊರಗೆ ಇಡುತ್ತಾರೆ. ಅಮ್ಮ ಬಟನ್ ಒತ್ತಿ ತಟ್ಟೆಯನ್ನು ಹೊರಗೆ ತರಿಸಿ, ತಟ್ಟೆಗೂ ಅದರ ಹಿಂದಿನ ಗೂಡಿಗೂ ಕುಂಕುಮ ಹಾಕಿದ್ದಳು.

"ಬರೀ ಮೂತಿಗಿಕ್ಕಿದ್ರೆ ಆಯ್ತಾ? ಪದ ಓಗೋದು ಒಳೀಕಲ್ವಾ?" ಅಂದಳು.

ರೈಟರಿನ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಕೆಂಪು ಪುಡಿ. ಡಿಸ್ಕ್ ತಿರುಗಿದ ಗಾಳಿಗೆ ಹಾರಿ, ಕಡಲೆಕಾಳಿನಷ್ಟು ಗಾತ್ರದ ಆ ಲೆನ್ಸಿನ ಮೇಲೆ ಕೂತಿತ್ತು. ಅದರೊಳಗಿಂದ ಬರುವ ಬೆಳಕೇ ಬರೆಯುವುದು, ಅದಕ್ಕೇ ಪೊರೆ ಬಂದಿತ್ತು. ಹತ್ತಿಯನ್ನು ಕಡ್ಡಿಗೆ ಸುತ್ತಿ ಸ್ಪಿರಿಟಿನಲ್ಲಿ ಅದ್ದಿ ಒರೆಸಿದೆ. ಹತ್ತಿ ಕೆಂಪಾಯಿತು. ಆ ಕೆಂಪು ಹತ್ತಿಯನ್ನು ಹಿಡಿದುಕೊಂಡೇ ದೊಡ್ಡವ್ವನ ಮುಂದೆ ಹೋಗಿ ಕೂತೆ.

"ನೋಡು. ನಿನ್ ಬಾಯಲ್ಲ. ಇದು" ಅಂದೆ.

ಅವಳು ಹತ್ತಿಯನ್ನು ಬಹಳ ಹೊತ್ತು ನೋಡಿದಳು. ತೋರುಬೆರಳು ಮುಂದೆ ತಂದಳು, ಮುಟ್ಟದೆ ಹಿಂದೆ ಎಳೆದುಕೊಂಡಳು. ಕುಂಕುಮ ಮುಟ್ಟುವುದನ್ನು ಬಿಟ್ಟಿದ್ದಳಲ್ಲ. "ಅಂಗಂತೀಯಾ?" ಅಂದಳು ಅಷ್ಟೇ. ಅಮ್ಮ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಅವತ್ತು ಬರೆದ ಡಿಸ್ಕ್ ಸರಿಯಾಗಿ ಬಂತು. ದೊಡ್ಡವ್ವನಿಗೆ ಅದರಿಂದ ಸಮಾಧಾನವಾಯಿತು ಎಂದು ಹೇಳಲಾರೆ. ಮಿಷನ್ ಸರಿಹೋಯಿತು, ದೇವರು ಏನನ್ನುತ್ತಾನೋ ಎಂದು ಊರಿಗೆ ಹೋಗುವ ಬಸ್ಸು ಹತ್ತುವಾಗಲೂ ಅನ್ನುತ್ತಿದ್ದಳು. ಆ ಪದ ಹೊಸದಾಗಿ ಹೇಳಿದ್ದು ಎಂದು ಅಣ್ಣನಿಗೂ ಹೇಳಬೇಡ ಎಂದು ನನ್ನ ಕೈಹಿಡಿದು ಆಣೆ ಮಾಡಿಸಿಕೊಂಡಳು.

ಮದುವೆಯ ದಿನ ನಾನು ಪ್ಲೇಯರಿನ ಪಕ್ಕವೇ ಕೂತೆ. ಅಣ್ಣನ ಮನೆಯ ಮುಂದಿನ ಚಪ್ಪರ ತುಂಬಿತ್ತು. ಅಣ್ಣ ಮೈಕಿನಲ್ಲಿ, ಅವ್ವ ಮುತ್ತೈದೆಯಾಗಿದ್ದಾಗ ಹೇಳಿದ ಪದ ಎಂದು ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದ. ಡಿಸ್ಕ್ ಹಾಕಿದೆ. ಪ್ಲೇಯರ್ ಅದನ್ನು ತಿರುಗಿಸಿತು, ತಿರುಗಿಸಿತು, ಏನೂ ಬರಲಿಲ್ಲ. ಅಂಗಡಿಯ ಸೀಡಿ ಓಡಿಸುವ ಕೆಲವು ಪ್ಲೇಯರುಗಳಿಗೆ ಮನೆಯಲ್ಲಿ ಬರೆದದ್ದು ಬೇಗ ಹಿಡಿಯುವುದಿಲ್ಲ. ಜನ ನನ್ನ ಕಡೆ ತಿರುಗಿದರು. ಡಿಸ್ಕ್ ತೆಗೆದು ಸೀರೆಯ ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಒಳಗಿನ ಕೋಣೆಯ ಹೊಸಿಲಲ್ಲಿ ಹುಡುಗಿ ಹೆಜ್ಜೆ ಎತ್ತದೆ ಕಾದು ನಿಂತಿದ್ದಳು. ಆಗ ದನಿ ಬಂತು.

ಚಪ್ಪರದ ಹೆಂಗಸರು ತಾವಾಗಿಯೇ ಸೋ ಎಂದರು. ಹುಡುಗಿ ಹೆಜ್ಜೆ ಇಟ್ಟಳು. ಆ ನಿಧಾನದ ಪದಕ್ಕೆ ಸರಿಯಾಗಿ, ಎಂದೂ ಕನ್ನಡ ಪದ ಕಿವಿಗೆ ಹಾಕಿಕೊಳ್ಳದ ಹುಡುಗಿ, ನಿಧಾನವಾಗಿ ನಡೆದು ಬಂದು ಹಸೆಯ ಮೇಲೆ ಕೂತಳು. ಗಂಡಿನ ಕಡೆಯ ಅಜ್ಜಿಯೊಬ್ಬಳು ಕಣ್ಣು ಒರೆಸಿಕೊಂಡು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿತು: "ಮುತ್ತೈದೆ ಗಂಟ್ಲು ಅಂದ್ರೆ ಇದು. ಏನ್ ಕಳೆ ನೋಡು. ಗಂಡ ಓದ್ ಮ್ಯಾಕೆ ಇಂಗೆ ಏಳಾಕಾಯ್ತದಾ?"

ನಾನು ಎದ್ದು ಹಿತ್ತಲಿಗೆ ಹೋದೆ. ಸಾಂಬಾರಿಗೆ ಕುಂಬಳಕಾಯಿ ಹೆಚ್ಚುವವರ ನಡುವೆ ದೊಡ್ಡವ್ವ ಕೂತಿದ್ದಳು. ಅಜ್ಜಿ ಅಂದದ್ದನ್ನು ಹೇಳಿದೆ. ಅವಳಿಗೆ ನಗು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದಳು. ಆ ಡಿಸ್ಕನ್ನು ಒಡೆದುಹಾಕು ಅನ್ನುತ್ತಾಳೆ ಅಂದುಕೊಂಡೆ.

"ಬರ್ದಿದ್ದನ್ನ ಯಾರೂ ಅಳ್ಸಾಕಾಗಲ್ಲ ಅಂದ್ಯಲ್ಲ, ನಿಜ್ವಾ?"

"ನಿಜ ದೊಡ್ಡವ್ವ."

"ಅಂಗಾದ್ರೆ ನಂಗೊಂದು ಮಾಡ್ಕೊಡು. ಮುತ್ತೈದೆ ಪದ ಎಲ್ಲಾ ಬ್ಯಾಡ, ಅವ್ನೆಲ್ಲಾ ಅವ್ರೇ ಇಕ್ಕೊಳ್ಲಿ. ಈಗ ಏಳಿದ್ನಲ್ಲ, ಅದೊಂದೇ ಆಕು."

"ನಿನ್ನತ್ರ ಪ್ಲೇಯರ್ ಇಲ್ವಲ್ಲ. ಎಂಗ್ ಕೇಳ್ತೀಯಾ?"

"ಕೇಳಾಕಲ್ಲ ಕಣಮ್ಮಿ. ಇರ್ಲಿ ಅಂತ" ಅಂದು, ಕುಂಬಳಕಾಯಿ ಹೆಚ್ಚಲು ಹೊರಟುಹೋದಳು.